ಬಿಟ್ಟುಹೋದ ಊರಿನಲ್ಲಿ ಹಾಲಿನ ಹಂಪಮ್ಮ

ಹೊಸಪೇಟೆಯಲ್ಲಿ ಹಾಲಿನ ಹಂಪಮ್ಮ ಕಾಣದ ಹಿತ್ತಲಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ತಲೆಯ ಮೇಲೆ ಹಾಲಿನ ಗಡಿಗೆ ಹೊತ್ತು, ಕಂಕುಳಲ್ಲಿ ಮಜ್ಜಿಗೆಯ ಕೊಡ ಇಟ್ಟುಕೊಂಡು ಅವಳು ಸಂದಿ ಹಿಡಿದು ಹೊರಟಳೆಂದರೆ ಬಜಾರದ ಸಾವ್ಕಾರರ ಮನೆಯಿಂದ ವಕೀಲರ ಓಣಿಯವರೆಗೆ ಎಲ್ಲರ ಹಿಂಬಾಗಿಲೂ ಅವಳಿಗಾಗಿ ತೆರೆಯುತ್ತಿತ್ತು. ಮನೆಯ ಹೆಂಗಸು ಪಾತ್ರೆ ಹಿಡಿದು ಬರುವ ಮೊದಲೇ ಆ ಮನೆಯ ನಾಯಿಯೋ ಬೆಕ್ಕೋ ಬಂದು ಅವಳ ಕಾಲು ಮೂಸುತ್ತಿತ್ತು. ಪ್ರಾಣಿಗಳೆಂದರೆ ಕರಗಿಹೋಗುವ ಹೆಂಗಸೇನೂ ಅಲ್ಲ ಅವಳು. ಗಡಿಗೆಗೆ ಬಾಯಿ ಹಾಕಲು ಬಂದ ಬೆಕ್ಕನ್ನು ಕಾಲಿನಿಂದಲೇ ಅತ್ತ ನೂಕುವಳು. ನಲವತ್ತು ದಾಟಿದ ಒಣಕಲು ಮೈ, ಮಾತು ಕಡಿಮೆ. ಗಂಡ ಮರಿಸ್ವಾಮಿ ಎಮ್ಮೆಗಳನ್ನು ಕಾಲುವೆ ದಂಡೆಯಲ್ಲಿ ಮೇಯಿಸಿಕೊಂಡು ಬರುತ್ತಿದ್ದ. ಮಕ್ಕಳಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು.

ಜರ್ಮನಿಯ ಯುದ್ಧ ನಡೆದಿದ್ದ ಕಾಲ. ಒಂದು ವರ್ಷ ದೀಪಾವಳಿ ಕಳೆಯುತ್ತಿದ್ದಂತೆ ಊರಲ್ಲಿ ಇಲಿ ಬೀಳತೊಡಗಿದವು. ಮೊದಲು ಅಕ್ಕಿ ಅಂಗಡಿಗಳ ಸಾಲಿನಲ್ಲಿ, ಆಮೇಲೆ ಮನೆಗಳ ಅಟ್ಟದಿಂದ. ಇಲಿಯ ಹಿಂದೆಯೇ ಜನ ಬಿದ್ದರು. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಒಂದು ಗಡ್ಡೆ, ಸುಡುವ ಜ್ವರ, ಕೊನೆಗೆ ಅರ್ಥವಿಲ್ಲದ ಮಾತು, ಅಷ್ಟೇ. ಪ್ಲೇಗು ಬಂದಿದೆ, ಊರು ಖಾಲಿ ಮಾಡಬೇಕು ಎಂದು ಡಂಗುರ ಸಾರಿದರು. ಅನಂತಶಯನಗುಡಿ ದಾಟಿ ಮಲಪನಗುಡಿ ಕಡೆಗೆ ಹೋಗುವ ದಾರಿಯ ಹೊಲಗಳಲ್ಲಿ ಚಾಪೆ, ಜೋಳದ ದಂಟು, ತೆಂಗಿನ ಗರಿಯ ಗುಡಿಸಲುಗಳು ಎದ್ದವು.

ಪ್ಲೇಗಿನ ಕೆಲಸಕ್ಕೆಂದು ಬಂದಿದ್ದ ಇನ್‌ಸ್ಪೆಕ್ಟರು ಕರಾವಳಿ ಆಂಧ್ರದವರು. ದನ ಎಮ್ಮೆ ತರಬಹುದು, ನಾಯಿ ಬೆಕ್ಕು ತರಕೂಡದು ಎಂದು ಅವರು ಹುಕುಂ ಮಾಡಿದರು. ಬೆಕ್ಕು ಇಲಿ ಹಿಡಿಯುತ್ತದೆ, ನಾಯಿ ಸಿಕ್ಕಲ್ಲೆಲ್ಲ ಹೊರಳುತ್ತದೆ, ಎರಡರ ಮೈಯಲ್ಲೂ ಚಿಗಟ ಇರುತ್ತದೆ ಎಂಬುದು ಕಾರಣ. ಯಾರೂ ಎದುರು ಆಡಲಿಲ್ಲ. ಸ್ವಲ್ಪ ದಿನದ ಮಾತು, ತಿರುಗಿ ಬರುತ್ತೇವಲ್ಲ ಎಂದುಕೊಂಡು ಬಾಗಿಲಿಗೆ ಕೀಲಿ ಜಡಿದು ಹೊರಟರು. ಕೆಲವರು ಹಿತ್ತಲಿನ ನಾಯಿಯ ಮುಂದೆ ರೊಟ್ಟಿ ಎಸೆದು ಬಂದರು. ಕೆಲವರಿಗೆ ಅದೂ ನೆನಪಾಗಲಿಲ್ಲ. ಊರಿನ ಬಾಯಿಗೆ ಮುಳ್ಳಿನ ಬೇಲಿ ಬಿತ್ತು, ಬೇಲಿಗೆ ಕೊಟ್ರಯ್ಯನೆಂಬ ಕಾವಲುಗಾರ ಬಂದ. ಬಿಟ್ಟ ಸಾಮಾನು ತರಬೇಕಾದವರು ಹೊತ್ತು ಏರುವುದರೊಳಗೆ ಹೋಗಿ ಬರಬಹುದು ಎಂಬ ಸವಲತ್ತು ಇತ್ತು. ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಸಂಜೆ ಗಾಳಿ ಊರ ಕಡೆಯಿಂದ ಬೀಸಿದರೆ ಅದರ ಜೊತೆಗೆ ನಾಯಿಗಳ ಕೂಗು ಬರುತ್ತಿತ್ತು. ಬೊಗಳುವ ಸದ್ದಲ್ಲ, ಒಂದೇ ಸಮನೆ ಎಳೆದೆಳೆದು ಅಳುವುದು. ಆ ಹೊತ್ತಿಗೆ ಗುಡಿಸಲುಗಳಲ್ಲಿ ಜನ ಇದ್ದಕ್ಕಿದ್ದಂತೆ ಜೋರಾಗಿ ಮಾತಾಡುತ್ತಿದ್ದರು. ಒಲೆ ಊದುವವರು ಸುಮ್ಮನೆ ಊದುತ್ತಲೇ ಇರುತ್ತಿದ್ದರು.

ಕ್ಯಾಂಪಿನಲ್ಲೂ ಹಂಪಮ್ಮನ ಹಾಲು ನಡೆದಿತ್ತು. ಒಂದು ಬೆಳಿಗ್ಗೆ ವಕೀಲ ಪ್ರಭಂಜನರಾಯರ ಹೆಂಡತಿ ಗಂಗಾಬಾಯಿ ತಂಬಿಗೆ ಹಿಡಿದು ಬಂದವರು ಅದನ್ನು ಮುಂದೆ ಚಾಚದೆ ನಿಂತರು.

"ಹಂಪಮ್ಮ, ನಿನ್ನ ಒಂದು ಮಾತು ಕೇಳಬೇಕು. ನಮ್ಮ ಬೆಕ್ಕು ಉಗ್ರಾಣದಾಗ ಮರಿ ಹಾಕಿತ್ತು. ಹೊರಡೋ ಗಡಿಬಿಡಿಯೊಳಗ ನಾನು ನೋಡಲಿಲ್ಲ, ಕೀಲಿ ಹಾಕಿ ಬಂದುಬಿಟ್ಟೆ. ಇಲ್ಲಿಗೆ ಬಂದಮ್ಯಾಲ ನೆನಪಾತು."

"ರಾಯರಿಗೆ ಹೇಳಿದ್ರೇನ್ರಿ?"

"ಹೇಳಿದೆ. ಮನುಷ್ಯರು ಸಾಯಲಿಕ್ಕತ್ತಾರ, ಬೆಕ್ಕಿನ ಮಾತು ಎತ್ತಬ್ಯಾಡ ಅಂದ್ರು." ಅವರು ಸೊಂಟದಿಂದ ಕೀಲಿಕೈ ತೆಗೆದು ಹಂಪಮ್ಮನ ಅಂಗೈ ಮೇಲೆ ಬಿಟ್ಟರು. "ನಿದ್ದಿ ಹತ್ತವಲ್ದು ನನಗ."

ಯಾಕೆ ಹೋದೆ ಎಂದು ಅವಳನ್ನು ಆಮೇಲೆ ಎಷ್ಟೋ ಜನ ಕೇಳಿದರು. "ಕೀಲಿ ಕೈಯಾಗ ಇಟ್ರು, ಹೋದೆ" ಎನ್ನುವುದಕ್ಕಿಂತ ಹೆಚ್ಚಿಗೆ ಅವಳು ಏನೂ ಹೇಳಲಿಲ್ಲ.

ಹುಟ್ಟಿ ಬೆಳೆದ ಊರು ಅವಳಿಗೆ ಗುರುತು ಸಿಗಲಿಲ್ಲ. ಬಾಗಿಲುಗಳ ಮೇಲೆ ಸುಣ್ಣದ ಗುರುತು, ಬೀದಿಯಲ್ಲಿ ಹಾರಿಹೋದ ಚಿಂದಿ, ಬಿಸಿಲು. ರಾಯರ ಮನೆಯ ಉಗ್ರಾಣ ತೆರೆದಾಗ ಕತ್ತಲೆಯಿಂದ ಕೊಳೆತ ವಾಸನೆ ಬಂತು. ಬೆಕ್ಕು ಎಣ್ಣೆಯ ಗಡಿಗೆ ಉರುಳಿಸಿ ನೆಕ್ಕಿ ಜೀವ ಹಿಡಿದುಕೊಂಡಿತ್ತು. ಅದರ ಪಕ್ಕದಲ್ಲಿದ್ದ ಮರಿಗಳಲ್ಲಿ ಒಂದು ಮಾತ್ರ ಉಸಿರಾಡುತ್ತಿತ್ತು. ಅವಳು ನೀರಿಟ್ಟು, ಸತ್ತ ಮರಿಗಳನ್ನು ಹಿತ್ತಲಲ್ಲಿ ಹೂತು, ಬಾಗಿಲು ಓರೆ ಮಾಡಿ ಹೊರಗೆ ಬಂದಾಗ ಬಜಾರದ ಕಡೆಯಿಂದ ಸರಪಳಿ ಎಳೆದಾಡುವ ಸದ್ದು ಕೇಳಿಸಿತು.

ಅದು ದವಸದ ವ್ಯಾಪಾರಿ ಗಾದಿಲಿಂಗಪ್ಪನ ಅಂಗಡಿಯ ಹಿತ್ತಲು. ಗೋಡೆ ಹತ್ತಿ ಇಣುಕಿದಳು. ಚೋರನೂರಿನ ಕುರಿಗಾರರ ಹತ್ತಿರ ಮರಿಯಾಗಿದ್ದಾಗಲೇ ಕೊಂಡು ತಂದಿದ್ದ ದೊಡ್ಡ ಕರಿ ನಾಯಿ ಕಂಬಕ್ಕೆ ಕಟ್ಟಿದ್ದಂತೆಯೇ ಇತ್ತು. ಸರಪಳಿ ಎಟುಕುವಷ್ಟು ದೂರದ ನೆಲವನ್ನೆಲ್ಲ ಕೆದರಿ ಗುಂಡಿ ಮಾಡಿತ್ತು. ಕಂಬದ ಬುಡವನ್ನು ಕಚ್ಚಿ ಕಚ್ಚಿ ಬಾಯೆಲ್ಲ ಹುಣ್ಣಾಗಿತ್ತು. ಮೊದಲೆಲ್ಲ ಅವಳನ್ನು ಕಂಡರೆ ಸರಪಳಿ ಹರಿಯುವಂತೆ ನೆಗೆಯುತ್ತಿದ್ದ ನಾಯಿ ಅದು. ಈಗ ಬಾಲ ಅಲ್ಲಾಡಿಸುವ ಶಕ್ತಿಯೂ ಇರಲಿಲ್ಲ. ಕೊರಳಪಟ್ಟಿ ಸಡಿಲವಾಗಿ ಜೋತಿತ್ತು. ಹಂಪಮ್ಮ ಒಳಗೆ ಇಳಿದು ಅದನ್ನು ತಲೆಯ ಮೇಲಿಂದ ಜಾರಿಸಿ ತೆಗೆದಳು. ಅವಳು ಇಟ್ಟ ನೀರು ಕುಡಿದ ಮೇಲೆ ನಾಯಿ ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅವಳು ಕಾಲು ಎಳೆದುಕೊಳ್ಳದೆ ಕೂತಳು.

ತಿರುಗಿ ಬರುವಾಗ ಇನ್ನೂ ನಾಲ್ಕಾರು ಹಿತ್ತಲು ಇಣುಕಿದಳು. ಹಗ್ಗದ ತುದಿಯಲ್ಲಿ ಸತ್ತು ಬಿದ್ದ ನಾಯಿಗಳನ್ನು ನೋಡಿದಳು. ಅವುಗಳಲ್ಲಿ ಪ್ರತಿಯೊಂದೂ ಯಾರ ಮನೆಯದೆಂದು ಅವಳಿಗೆ ಗೊತ್ತಿತ್ತು.

ಅವಳು ನೋಡಿದ್ದನ್ನೆಲ್ಲ ಗಂಗಾಬಾಯಿ ನಿಂತು ಕೇಳಿಸಿಕೊಂಡರು. ಕಡೆಗೆ, "ನಮ್ಮ ಮನಿ ಒಂದರದ ಮಾತಲ್ಲ ಹಂಗಾದ್ರ. ಎಲ್ಲಾರನ್ನೂ ಕೇಳಬೇಕು, ನಡಿ" ಎಂದರು.

ಮಡಿಯ ಮನೆಯ ಹೆಂಗಸು ಹಾಲು ಮಾರುವವಳ ಜೊತೆ ಗುಡಿಸಲಿಂದ ಗುಡಿಸಲಿಗೆ ನಡೆದದ್ದೇ ಕ್ಯಾಂಪಿನಲ್ಲಿ ದೊಡ್ಡ ಸುದ್ದಿಯಾಯಿತು. ಇಬ್ಬರೂ ಕೇಳುತ್ತಿದ್ದದ್ದು ಒಂದೇ: ಮನೆಯಲ್ಲಿ ಏನಾದರೂ ಕಟ್ಟಿ ಬಂದಿದ್ದೀರಾ, ಕೂಡಿ ಹಾಕಿ ಬಂದಿದ್ದೀರಾ? ಇಲ್ಲ ಎಂದು ತಲೆಯಾಡಿಸಿದವರ ಮನೆಯ ಸೊಸೆ ಆಮೇಲೆ ಬದುವಿನ ಹತ್ತಿರ ಬಂದು, ಸೆರಗಿನಿಂದ ಕೀಲಿಕೈ ತೆಗೆದು ಮಾತಿಲ್ಲದೆ ಕೊಟ್ಟು ಹೋಗುತ್ತಿದ್ದಳು. ಬೈದವರೂ ಇದ್ದರು. ಜಂಬಪ್ಪನೆಂಬ ನೇಕಾರ ಎದ್ದು ನಿಂತು, "ಮೊನ್ನಿ ಮಗಳನ್ನ ಮಣ್ಣು ಮಾಡಿ ಬಂದೀನಿ. ನನ್ನ ಮುಂದ ನಾಯಿ ವಿಚಾರ ಕೇಳಾಕ ಬಂದಿಯೇನು ನೀನು" ಅಂದ. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಹಂಪಮ್ಮ ತಲೆ ತಗ್ಗಿಸಿ ಮುಂದಿನ ಗುಡಿಸಲಿಗೆ ಹೋದಳು.

ದಿನ ಕಳೆದಂತೆ ಅವಳ ಸೊಂಟದ ದಾರದಲ್ಲಿ ಕೀಲಿಕೈಗಳ ಗೊಂಚಲು ಬೆಳೆಯಿತು. ಬಟ್ಟೆ ಒಗೆಯುವ ಎರ್ರೆಮ್ಮ ಜೊತೆಗೆ ಬರತೊಡಗಿದಳು. ಗಂಗಾಬಾಯಿ ಊರೊಳಗೆ ಬರುವಂತಿರಲಿಲ್ಲ. ಅವರು ಕ್ಯಾಂಪಿನ ಹೆಂಗಸರಿಂದ ಉಳಿದ ಅನ್ನ, ಮುದ್ದೆ, ಅಂಬಲಿ ಕೂಡಿಸಿ ಒಂದು ಹಂಡೆಗೆ ಹಾಕಿಸಿ ಇಡುತ್ತಿದ್ದರು. ಬೆಳಿಗ್ಗೆ ಹಾಲು ಹಂಚಿದ ಮೇಲೆ ಹಂಪಮ್ಮ, ಎರ್ರೆಮ್ಮ ಆ ಹಂಡೆಯನ್ನು ಬೇಲಿಯ ಹತ್ತಿರ ಹೊತ್ತೊಯ್ಯುವರು. ಕೊಟ್ರಯ್ಯ ಮುಳ್ಳು ಸರಿಸಿ, "ಜಲ್ದಿ ಬರ್ರಿ ಅಕ್ಕಾರ, ಸಾಹೇಬರು ಬಂದ್ರ ನನ್ನ ಕೆಲಸ ಹೊಕ್ಕೈತಿ" ಅನ್ನುವನು. ಬಜಾರದ ಮಧ್ಯೆ ನಿಂತು ಹಂಪಮ್ಮ "ಬರ್ರೋ, ಬರ್ರೋ" ಎಂದು ಕರೆದರೆ ಸಂದುಗಳಿಂದ, ಕಟ್ಟೆಗಳ ಕೆಳಗಿಂದ ನಾಯಿಗಳು ಬರುತ್ತಿದ್ದವು. ಎಲ್ಲಕ್ಕಿಂತ ಹಿಂದೆ ಕರಿ ನಾಯಿ. ಉಂಡು ಮುಗಿದ ಮೇಲೆ ಬೇಲಿಯವರೆಗೆ ಬಂದು ಅವಳನ್ನು ಕಳಿಸಿ ಹೋಗುತ್ತಿತ್ತು.

ಅಷ್ಟರಲ್ಲಿ ಗಾದಿಲಿಂಗಪ್ಪನ ಅಂಗಡಿಗೆ ಕನ್ನ ಬಿತ್ತು.

ಅವನು ಆಳುಗಳನ್ನು ಕರೆದುಕೊಂಡು ಊರೊಳಗೆ ಹೋಗಿ ನೋಡಿಕೊಂಡು ಬಂದವನೇ ಕ್ಯಾಂಪಿನ ಹುಣಸೆಮರದ ಕೆಳಗೆ ಹಿರಿಯರನ್ನು ಕೂಡಿಸಿದ. ಹಂಪಮ್ಮನನ್ನು ಕರೆಸಿದರು.

"ನನ್ನ ನಾಯಿ ಬಿಚ್ಚಿದಾಕಿ ನೀನೋ ಅಲ್ಲೋ?" ಎಂದು ಕೇಳಿದ.

"ಹೌದ್ರಿ ಸಾವ್ಕಾರ್ರ. ಸಾಯ್ತಿತ್ತು."

"ಸಾಯ್ಲಿ ಅಂತ ಕಟ್ಟಿದ್ದಿಲ್ಲ, ಕಾಯ್ಲಿ ಅಂತ ಕಟ್ಟಿದ್ದೆ. ಅದು ಅಲ್ಲಿದ್ದಿದ್ರ ಒಬ್ಬನೂ ಒಳಗ ಕಾಲಿಡ್ತಿದ್ದಿಲ್ಲ. ನಾಯಿ ಬಿಚ್ಚಿ ಯಾರಿಗೆ ದಾರಿ ಮಾಡಿ ಕೊಟ್ಟಿ, ಹೇಳು. ಊರಿನ ಕೀಲಿಯೆಲ್ಲ ಸೊಂಟದಾಗ ಕಟ್ಕೊಂಡು ಯಾತಕ್ಕ ತಿರಗ್ತಿ?"

ಗಂಡಸರ ಹಿಂದೆ ನಿಂತಿದ್ದ ಹೆಂಗಸರು, ತಾವಾಗಿ ಕೀಲಿ ಕೊಟ್ಟವರು, ಕಣ್ಣು ತಪ್ಪಿಸಿದರು. ಗಂಗಾಬಾಯಿ ಮುಂದೆ ಬರಲು ನೋಡಿದಾಗ ರಾಯರು ಅವರ ಕೈ ಹಿಡಿದು ನಿಲ್ಲಿಸಿದರು. ಎಂದೂ ನಾಲ್ಕು ಜನರೆದುರು ಬಾಯಿ ತೆರೆಯದ ಮರಿಸ್ವಾಮಿ ಎದ್ದ.

"ಆಕಿ ಯಾರ ಮನ್ಯಾಗಿಂದೂ ಒಂದು ಸೂಜಿ ತಂದಿಲ್ಲ. ನನ್ನ ಗುಡಿಸ್ಲು ನೋಡಬರ್ರಿ. ನಾಳೆಯಿಂದ ಆಕಿ ಸಂಗಾಟ ನಾನೂ ಊರಾಗ ಹೊಕ್ಕೀನಿ. ನನ್ನೂ ಕಳ್ಳ ಅನ್ರಿ."

ನಾಳೆಯಿಂದ ಹೋಗುವ ಮಾತು ಉಳಿಯಲಿಲ್ಲ. ಅವಳು ಇನ್ನು ಊರೊಳಗೆ ಹೋಗಕೂಡದು ಎಂದು ಹಿರಿಯರು ಕೀಲಿಗಳನ್ನು ತಿರುಗಿ ಕೊಡಿಸಿದರು. ಅವಳು ಒಂದೊಂದನ್ನೇ ದಾರದಿಂದ ಬಿಚ್ಚಿ, ಇದು ಇಂಥವರದು ಎಂದು ಹೇಳಿ ಮರದ ಬುಡದಲ್ಲಿ ಇಟ್ಟಳು. ಅದೇ ವಾರ ಮರಿಸ್ವಾಮಿಗೆ ಜ್ವರ ಬಂತು. ತೊಡೆಯ ಸಂದಿನ ಗಡ್ಡೆಯನ್ನು ಅವನೇ ಮುಟ್ಟಿ ನೋಡಿಕೊಂಡು, ಅವಳ ಕೈ ತೆಗೆದುಕೊಂಡು ಅಲ್ಲಿ ಇಟ್ಟ. "ಎಮ್ಮಿ ಯಾರಿಗೂ ಮಾರಬ್ಯಾಡ" ಎಂದ. ಮಾತು ನೆಟ್ಟಗಿದ್ದಾಗ ಅವನು ಆಡಿದ ಕೊನೆಯ ಮಾತು ಅದು. ಅವನಿಗೆ ರೋಗ ಎಲ್ಲಿಂದ ಬಂತೋ ಯಾರು ಬಲ್ಲರು. ಅವನು ಊರೊಳಗೆ ಕಾಲಿಟ್ಟಿರಲಿಲ್ಲ, ಅವಳು ದಿನವೂ ಇಟ್ಟಿದ್ದಳು. ಹಂಪಮ್ಮ ಊರಿಂದ ತಂದು ಗಂಡನಿಗೆ ಹಚ್ಚಿದಳು ಎಂದು ಕ್ಯಾಂಪೆಲ್ಲ ಆಡಿಕೊಂಡಿತು. ಅವಳು ಇಲ್ಲ ಅನ್ನಲಿಲ್ಲ. ಇಲ್ಲ ಎಂದು ಅವಳಿಗೂ ಗೊತ್ತಿರಲಿಲ್ಲ.

ಹೆಣ ಹೊರಲು ಕೊಟ್ರಯ್ಯ ಬಂದ, ಎರ್ರೆಮ್ಮನ ಗಂಡ ಬಂದ. ಆಳ ತೋಡಲು ಇಬ್ಬರಿಂದ ಆಗಲಿಲ್ಲ. ಕಾಲುವೆಯ ಆಚೆ ಮೊಣಕಾಲುದ್ದದ ಕುಣಿಯಲ್ಲಿ ಮರಿಸ್ವಾಮಿಯನ್ನು ಮಲಗಿಸಿ ಮಣ್ಣೆಳೆದರು. ಆಮೇಲೆ ಹಂಪಮ್ಮನ ಗುಡಿಸಲನ್ನು ಕ್ಯಾಂಪಿನ ಅಂಚಿಗೆ, ಎಲ್ಲರಿಂದ ದೂರಕ್ಕೆ ಸರಿಸಿದರು. ಅವಳ ಹಾಲನ್ನು ಕೊಳ್ಳುವವರು ಇಲ್ಲವಾದರು. ಹಾಲನ್ನು ಕರೆಯದೆ ಅವಳು ಎಮ್ಮೆಯ ಕರುವಿಗೇ ಬಿಡುತ್ತಿದ್ದಳು.

ಊರಿಗೆ ಹೋಗುವವರಿಲ್ಲದೆ ನಾಯಿಗಳಿಗೆ ಊಟ ನಿಂತಿತು. ಹಸಿದವು ಗುಂಪಾಗಿ ಕಾಲುವೆ ದಾಟಿ ಬಂದು ಹೊಸ ಗೋರಿಗಳನ್ನು ಕೆದರತೊಡಗಿದವು. ಒಂದು ಬೆಳಿಗ್ಗೆ ಹಂಪಮ್ಮ ಗಂಡನ ಗೋರಿಯ ಹತ್ತಿರ ಹೋದಾಗ ಒಂದು ಬದಿಯ ಮಣ್ಣು ಸರಿದಿತ್ತು. ಅವಳು ಕೂತು ಎರಡೂ ಕೈಯಿಂದ ಮಣ್ಣು ಬಾಚಿ ಮುಚ್ಚಿ, ಹಳ್ಳದಿಂದ ಒಂದೊಂದೇ ಕಲ್ಲು ತಂದು ಪೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ಉಗುರುಗಳೆಲ್ಲ ಒಡೆದಿದ್ದವು.

ಚಳಿ ಇಳಿಯುವ ಹೊತ್ತಿಗೆ ರೋಗವೂ ಇಳಿಯಿತು. ಮನೆಗಳಿಗೆ ಔಷಧಿ ಹೊಡೆದು ಜನರನ್ನು ಒಳಗೆ ಬಿಡುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಊರಿನ ನಾಯಿಗಳನ್ನೆಲ್ಲ ಗುಂಡಿಟ್ಟು ಕೊಲ್ಲಬೇಕೆಂದು ಇನ್‌ಸ್ಪೆಕ್ಟರು ಅಪ್ಪಣೆ ತಂದರು. ಹೆಣ ತಿಂದ ನಾಯಿಗಳು ಎಂಬ ಮಾತು ಸಾಕಾಗಿತ್ತು, ಯಾರೂ ಬೇಡ ಅನ್ನಲಿಲ್ಲ. ಆ ಸುದ್ದಿ ತಂದವರು ಗಂಗಾಬಾಯಿ. ಅಂಚಿನ ಗುಡಿಸಲಿಗೆ ಅಲ್ಲಿಯವರೆಗೆ ಬಂದವರಲ್ಲಿ ಅವರೇ ಮೊದಲಿಗರು.

"ನನ್ನ ಬೆಕ್ಕಿನ ಸಲುವಾಗಿ ನಿನ್ನ ಕಳಿಸಿದೆ" ಎಂದರು. "ಅವತ್ತು ಹುಣಸಿಮರದ ಬುಡದಾಗ ಬಾಯಿ ಬಿಡಲಿಲ್ಲ ನಾನು."

"ಅದು ಇರ್ಲಿ ಬಾಯಾರ. ಯಾವತ್ತು ಹೊಡೀತಾರಂತ?"

"ನಾಡಿದ್ದು."

ಇಬ್ಬರೂ ಆಗಲೇ ಇನ್‌ಸ್ಪೆಕ್ಟರ ಡೇರೆಗೆ ಹೋದರು. ಅವರು ಕುರ್ಚಿಯಲ್ಲಿ ಕೂತು ಜ್ವರದ ಮಾತ್ರೆ ನುಂಗುತ್ತಿದ್ದರು. ದಣಿದ ಮುಖ. ತೆಲುಗು ಬೆರೆತ ಕನ್ನಡದಲ್ಲಿ, "ಏನಮ್ಮಾ" ಎಂದರು. ನಾಯಿಗಳನ್ನು ಕೊಲ್ಲಬೇಡಿ ಎಂದು ಗಂಗಾಬಾಯಿ ಹೇಳಿದರು. ಅವರು ಕೇಳಿ ಹಂಪಮ್ಮನ ಕಡೆ ತಿರುಗಿದರು.

"ನಿನ್ನ ಗಂಡನ ಗೋರಿ ಸಹಾ ಕೆದರಿದವು ಅಂತ ಕೇಳಿದೆ."

"ಹೌದ್ರಿ."

"ಆದರೂ ಬಂದಿದೀಯ?"

"ಹಸಿದಿದ್ವು ಸಾಹೇಬರ. ಕಟ್ಟಿ ಬಂದೋರು ನಾವು. ಅವು ನಮ್ಮ ಮನಿ ಕಾಯ್ಕೊಂಡು ಕುಂತಿದ್ವು."

ಇನ್‌ಸ್ಪೆಕ್ಟರು ಮಾತ್ರೆಯ ಡಬ್ಬಿ ಮುಚ್ಚಿ ಇಟ್ಟರು. ಆಮೇಲೆ ಒಂದು ಷರತ್ತು ಹಾಕಿದರು. ನಾಡಿದ್ದು ಬೆಳಿಗ್ಗೆ ಬೇಲಿಯ ಹತ್ತಿರ ಯಾರು ಬಂದು ಇದು ನನ್ನ ನಾಯಿ ಎಂದು ಹಗ್ಗ ಹಾಕಿ ಹಿಡಿಯುತ್ತಾರೋ ಅವರ ನಾಯಿ ಅವರದು. ಒಂದು ಮನೆಗೆ ಒಂದು. ಉಳಿದವು ಬಂದೂಕಿನ ಪಾಲು.

ಹಂಪಮ್ಮ ಮತ್ತೆ ಗುಡಿಸಲಿಂದ ಗುಡಿಸಲಿಗೆ ಹೋದಳು. ಈ ಸಲ ಅವಳನ್ನು ಕಂಡರೆ ಜನ ಚಾಪೆ ಇಳಿಬಿಟ್ಟರು. ಅವಳು ಚಾಪೆಯ ಹೊರಗೇ ನಿಂತು ಹೇಳಿದಳು: "ನಿಮ್ಮ ಕೆಂದ ಬದುಕೇತಿ, ಹಗ್ಗ ತಗೊಂಡು ಬರ್ರಿ. ನಿಮ್ಮ ಬಿಳಿ ಹೆಣ್ಣು ನಾಯಿ ಐತಿ, ಕಾಲು ಕುಂಟಾಗೇತಿ, ಬರ್ರಿ." ಒಳಗಿಂದ ಉತ್ತರ ಬಂದರೂ ಬರದಿದ್ದರೂ ಮುಂದಿನದಕ್ಕೆ ನಡೆದಳು. ಗಾದಿಲಿಂಗಪ್ಪನ ಗುಡಿಸಲ ಮುಂದೆಯೂ ನಿಂತು ಅಷ್ಟೇ ಹೇಳಿದಳು. ಅವನು ಹೊರಗೆ ಬರಲಿಲ್ಲ.

ಆ ಬೆಳಿಗ್ಗೆ ಬಂದವರು ಇಪ್ಪತ್ತು ಜನವೂ ಇರಲಿಲ್ಲ. ಹೆಚ್ಚಿನವರು ಹೆಂಗಸರು. ನೇಕಾರ ಜಂಬಪ್ಪ ಬಂದಿದ್ದ, ಕೈಯಲ್ಲಿ ನೂಲಿನ ಹಗ್ಗ. ಅವನ ನಾಯಿಯ ಜೊತೆ ಅವನ ಮಗಳು ಆಡುತ್ತಿದ್ದಳೆಂದು ಯಾರೋ ಹೇಳಿದರು. ಪೋಲೀಸಿನವರು ಬಂದೂಕು ಹಿಡಿದು ಬೇಲಿಗೆ ಒರಗಿ ಬೀಡಿ ಸೇದುತ್ತಿದ್ದರು. ಮನೆಯವರು ಕರೆದರೆ ನಾಯಿಗಳು ಬರಲಿಲ್ಲ. ಹಲ್ಲು ತೋರಿಸಿ ಹಿಂದೆ ಸರಿದವು. ಕಡೆಗೆ ಹಂಪಮ್ಮನೇ ಒಳಗೆ ಹೋಗಿ ಒಂದೊಂದನ್ನೇ ಹೆಗಲು ಸವರಿ ಕರೆತಂದು, ಅವರವರ ಕೈಯನ್ನು ಅದರ ಮೂಗಿಗೆ ಹಿಡಿದು ಹಗ್ಗ ಹಾಕಿಸಿದಳು. ಗಂಗಾಬಾಯಿಯ ಮನೆಯಲ್ಲಿ ನಾಯಿ ಇರಲೇ ಇಲ್ಲ. ಅವರು ಆ ಕುಂಟ ಬಿಳಿ ನಾಯಿಯನ್ನು ತೋರಿಸಿ, "ಅದು ನಮ್ಮದು" ಎಂದರು. ಹಗ್ಗ ಹಿಡಿದು ನಿಂತ ಹೆಂಡತಿಯನ್ನು ಕಂಡು ಪ್ರಭಂಜನರಾಯರು ಮುಖ ತಿರುಗಿಸಿ ಕ್ಯಾಂಪಿನ ಕಡೆ ನಡೆದುಬಿಟ್ಟರು.

ಕರಿ ನಾಯಿಗೆ ಯಾರೂ ಬರಲಿಲ್ಲ. ಹಂಪಮ್ಮ ತನ್ನ ಎಮ್ಮೆಯ ಹಗ್ಗವನ್ನು ಅದರ ಕೊರಳಿಗೆ ಹಾಕಿ, ಹಿಡಿದಿರು ಎಂದು ಎರ್ರೆಮ್ಮನ ಕೈಗೆ ಕೊಟ್ಟಳು.

ಇನ್ನೂ ಮೂವತ್ತು ನಲವತ್ತು ನಾಯಿಗಳು ಬಜಾರದ ಬಾಯಲ್ಲಿ ನಿಂತು ಅವಳನ್ನೇ ನೋಡುತ್ತಿದ್ದವು. ಬಂದೂಕಿನವರನ್ನು ಕಂಡು ಹತ್ತಿರ ಬರಲು ಅಳುಕು, ಅವಳನ್ನು ಕಂಡು ದೂರ ಹೋಗಲೂ ಮನಸ್ಸಿಲ್ಲ. ದಫೇದಾರ ಬೀಡಿ ಎಸೆದು, "ಅಮ್ಮಾ, ನೀ ಕರದ್ರ ಬರ್ತಾವಂತಲ್ಲ. ಒಂದು ಸಲ ಕರಿ. ಸಂದಿಗೊಂದಿ ಬೆನ್ನಟ್ಟಿ ಅರೆಬರೆ ಹೊಡೆಯೋದಕ್ಕಿಂತ ಇಲ್ಲೇ ಸರಳ ಮುಗೀತೈತಿ. ಅವಕ್ಕೂ ನೋವು ಕಮ್ಮಿ" ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

"ನಾ ಕರೆಯಂಗಿಲ್ಲ" ಎಂದಳು ಹಂಪಮ್ಮ.

ಅವಳು ಬೇಲಿ ದಾಟಿ ನಾಲ್ಕು ಹೆಜ್ಜೆ ಒಳಗೆ ಹೋದಳು. ನಾಯಿಗಳು ಬಾಲ ಆಡಿಸಿದವು. ಅವಳು ಬಗ್ಗಿ ಒಂದು ಕಲ್ಲು ಎತ್ತಿ ಮುಂದಿದ್ದ ನಾಯಿಗೆ ಬೀಸಿ ಹೊಡೆದಳು. ಅದು ಕುಂಯ್ ಎಂದು ಕೂತಿತು, ಓಡಲಿಲ್ಲ. ಇನ್ನೊಂದು ಎಸೆದಳು, ಮತ್ತೊಂದು ಎಸೆದಳು. "ಹೋಗ್ರೋ, ಗುಡ್ಡಕ್ಕ ಹೋಗ್ರೋ" ಎನ್ನುತ್ತ ಜಂಬುನಾಥನ ಗುಡ್ಡದ ಕಡೆಯ ಸಂದಿಗೆ ಅವನ್ನು ಅಟ್ಟುತ್ತಾ ಹೋದಳು. ಕೆಲವು ಓಡಿದವು. ಕೆಲವು ಕಲ್ಲು ಬಿದ್ದ ಹಾಗೆಲ್ಲ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿ ಅವಳ ಹತ್ತಿರವೇ ಬಂದವು, ತಮ್ಮಿಂದ ಏನೋ ತಪ್ಪಾಗಿದೆ ಎಂಬಂತೆ. ದಫೇದಾರ ಅವಳನ್ನು ಪಕ್ಕಕ್ಕೆ ಎಳೆಸಿದ. ಬಂದೂಕಿನ ಸದ್ದು ಹೊತ್ತು ಏರುವವರೆಗೂ ಇತ್ತು. ತೆವಳಿ ಬಂದವೇ ಮೊದಲು ಸತ್ತವು. ಗುಡ್ಡ ಸೇರಿದವು ಎಷ್ಟೋ, ಸೇರಿ ಬದುಕಿದವು ಎಷ್ಟೋ.

ಜನ ಊರಿಗೆ ಮರಳಿದರು. ಅಂಗಡಿಗೆ ಕನ್ನ ಹಾಕಿದವನು ಆ ಬೇಸಿಗೆಯಲ್ಲಿ ಕಂಪ್ಲಿಯ ಹತ್ತಿರ ಸಿಕ್ಕಿಬಿದ್ದ. ಅವನು ಗಾದಿಲಿಂಗಪ್ಪನದೇ ಹಳೆಯ ಹಮಾಲಿ. ಹಂಪಮ್ಮನ ಹತ್ತಿರ ಬಂದು ತಪ್ಪಾಯಿತು ಎಂದವರಿಲ್ಲ. ಮೆಲ್ಲಗೆ ಒಂದೊಂದೇ ಹಿಂಬಾಗಿಲು ಅವಳ ಹಾಲಿಗೆ ಮತ್ತೆ ತೆರೆಯಿತು, ಅಷ್ಟೇ. ಗಾದಿಲಿಂಗಪ್ಪ ಮಾತ್ರ ಆಳು ಕಳಿಸಿ ನಾಯಿ ಕೇಳಿಸಿದ. "ಹಗ್ಗ ಹಿಡಿದೋರದು ನಾಯಿ ಅಂತ ಸಾಹೇಬರು ಹೇಳ್ಯಾರ" ಎಂದು ಅವಳು ಕೊಡಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಇಲಿ ಬಿದ್ದವು. ಈ ಸಲ ಡಂಗುರ ಹೊರಡುವ ಮೊದಲೇ ಹಂಪಮ್ಮ, ಗಂಗಾಬಾಯಿ, ಎರ್ರೆಮ್ಮ, ಅವರ ಹಿಂದೆ ಹತ್ತಾರು ಹೆಂಗಸರು ಹೊಸ ಇನ್‌ಸ್ಪೆಕ್ಟರ ಬಾಗಿಲಿಗೆ ಹೋಗಿ ಕೂತರು. ಅವರು ಏಳಿರಿ ಎಂದರೂ ಏಳಲಿಲ್ಲ. ಕಡೆಗೆ ಕ್ಯಾಂಪಿನಿಂದ ದೂರದ ಒಂದು ಪಾಳು ಹೊಲದಲ್ಲಿ ನಾಯಿಗಳನ್ನು ಇಟ್ಟುಕೊಳ್ಳಲು ಅಪ್ಪಣೆ ಸಿಕ್ಕಿತು. ಊರು ಬಿಡುವ ದಿನ ಹೆಂಗಸರು ಓಣಿಗೆ ಇಬ್ಬಿಬ್ಬರಂತೆ ಹೋಗಿ ಮನೆಮನೆಯ ಬಾಗಿಲು ಬಡಿದು, "ಹಿತ್ತಲದಾಗ ಏನು ಕಟ್ಟೀರಿ, ಬಿಚ್ರಿ. ಉಗ್ರಾಣದಾಗ ಇಣುಕಿ ನೋಡ್ರಿ" ಎಂದು ನಿಂತು ನೋಡಿಯೇ ಮುಂದೆ ಹೋದರು. ಆ ವರ್ಷವೂ ಜನ ಸತ್ತರು. ಕಟ್ಟಿದಲ್ಲಿ ಸತ್ತ ನಾಯಿ ಮಾತ್ರ ಒಂದೂ ಸಿಗಲಿಲ್ಲ.

ಆ ಹೊಲದಲ್ಲಿ ನಾಯಿಗಳ ಜೊತೆ ಒಬ್ಬಳೇ ಇದ್ದ ಹಂಪಮ್ಮನಿಗೆ ಜ್ವರ ಬಂದದ್ದು ಮೊದಲು ಯಾರಿಗೂ ತಿಳಿಯಲಿಲ್ಲ. ಅಂಬಲಿ ತಂದ ಎರ್ರೆಮ್ಮ ನೋಡಿದಾಗ ಅವಳಿಗೆ ಮಾತು ನಿಂತಿತ್ತು. ಅವಳನ್ನು ಮರಿಸ್ವಾಮಿಯ ಪಕ್ಕದಲ್ಲಿ, ಈ ಸಲ ಆಳವಾಗಿ ತೋಡಿ ಮಣ್ಣು ಮಾಡಿದರು. ತೋಡಲು ಜಂಬಪ್ಪನೂ ಬಂದಿದ್ದ.

ಮರುದಿನದಿಂದ ಹಂಡೆಯನ್ನು ಹೊಲಕ್ಕೆ ಹೊತ್ತವಳು ಎರ್ರೆಮ್ಮ, ಜೊತೆಗೆ ಹೋದವರು ಗಂಗಾಬಾಯಿ. ನಾಯಿ ಮುಟ್ಟಿ ಬಂದವಳು ತಲೆಯ ಮೇಲೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡಕೂಡದು ಎಂದು ಪ್ರಭಂಜನರಾಯರು ಹೇಳಿದರು. ಗಂಗಾಬಾಯಿ ಆ ಮಾಗಿಯ ಚಳಿಯಲ್ಲಿ ದಿನವೂ ಗುಡಿಸಲ ಹೊರಗೆ ನಿಂತು ತಣ್ಣೀರು ಸುರಿದುಕೊಂಡು ಒಳಗೆ ಹೋದರು, ಮರುದಿನ ಬೆಳಿಗ್ಗೆ ಮತ್ತೆ ಹೊಲಕ್ಕೆ ಹೊರಟರು.